ದೇವರ ಗೂಡಿನ ಬಾಟಲಿ

ತೊಂಬತ್ತನಾಲ್ಕರ ಚಳಿಗಾಲದಿಂದ ಮುಂದಿನ ಬೇಸಿಗೆಯ ತನಕ, ಬಳ್ಳಿಗಾವಿಯ ಲೋಕಮ್ಮನ ಮನೆಯ ದೇವರ ಗೂಡಿನಲ್ಲಿ ಒಂದು ಕಪ್ಪು ಬಾಟಲಿ ಕೂತಿತ್ತು. ಒಂದು ಕಡೆ ವಿಭೂತಿಗಟ್ಟಿ, ಇನ್ನೊಂದು ಕಡೆ ದೀಪದ ಕಂಬ, ಹಿಂದೆ ಮಠದ ಹಿರಿಯ ಸ್ವಾಮಿಗಳ ಪಟ, ನಡುವೆ ಈ ಬಾಟಲಿ. ಸೋಮವಾರ ಮಿಂದು ಬಂದು ಪಟಕ್ಕೊಂದು ಕಣಗಿಲೆ ಏರಿಸಿದ ಮೇಲೆ ಲೋಕಮ್ಮ ಬಾಟಲಿಯ ಕತ್ತಿಗೂ ಒಂದು ಏರಿಸುತ್ತಿದ್ದಳು. ಅದರೊಳಗೆ ಏನಿದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದೆಯೆಂದು ಗಂಡಹೆಂಡತಿ ಇಬ್ಬರೂ ತಿಳಿದಿದ್ದರು.

ಬಾಟಲಿ ಬಂದದ್ದು ಬೆಲ್ಜಿಯಂ ದೇಶದಿಂದ. ಅಲ್ಲಿಂದ ಒಬ್ಬ ಉದ್ದನೆಯ ಮನುಷ್ಯ ಬಳ್ಳಿಗಾವಿ, ಬಂದಳಿಕೆಯ ಗುಡಿಗಳ ಅಳತೆ ತೆಗೆದು ನಕ್ಷೆ ಬರೆಯಲು ಚಳಿಗಾಲಕ್ಕೊಮ್ಮೆ ಬರುತ್ತಿದ್ದ. ಹೆಸರು ಲೂಕಾಸ್. ಊರಿನವರು ಎರಡೇ ದಿನದಲ್ಲಿ ಅದನ್ನು ಲೋಕಪ್ಪ ಮಾಡಿದರು. ಅವನು ಊಟ ಮಾಡುತ್ತಿದ್ದದ್ದು ಲೋಕಮ್ಮನ ಮನೆಯಲ್ಲಿ. ಅವಳ ಗಂಡ ವೀರಬಸಪ್ಪ ಅವನ ಜೊತೆ ಅಳತೆಯ ಟೇಪಿನ ತುದಿ ಹಿಡಿದು ನಿಲ್ಲುವ ಕೆಲಸಕ್ಕಿದ್ದ. ಲೋಕಮ್ಮನ ಮನೆಯಲ್ಲಿ ಲೋಕಪ್ಪ ಉಣ್ಣುತ್ತಾನೆಂದ ಮೇಲೆ ಅವನು ಅವಳ ತಮ್ಮನೇ ಆಗಿಬಿಟ್ಟ. ಜೋಳದ ರೊಟ್ಟಿಯನ್ನು ಅವನು ಮುರಿದು ತಿನ್ನದೆ ಸುರುಳಿ ಸುತ್ತಿ ಕಚ್ಚುತ್ತಿದ್ದುದನ್ನು ನೋಡಿ ಅವಳು ಮೊದಮೊದಲು ಬೇರೆ ಕಡೆ ತಿರುಗಿ ಕೂರುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು.

ಎರಡನೆಯ ಸಲ ಬಂದವನು ಬಾಟಲಿ ತಂದ. ಶಿಕಾರಿಪುರದಲ್ಲಿ ಇತಿಹಾಸ ಪಾಠ ಹೇಳುವ ಗುರುಪ್ರಕಾಶ್ ಎಂಬ ಮೇಷ್ಟ್ರು ಸ್ಕೂಟರಿನಲ್ಲಿ ಬಂದು ಅವನ ಮಾತನ್ನು ಕನ್ನಡಕ್ಕೆ ತರುತ್ತಿದ್ದರು. ಲೂಕಾಸನ ಇಂಗ್ಲಿಷು ಅವನ ತಾಯಿನುಡಿಯ ಹೊದಿಕೆ ಹೊದ್ದು ಬರುತ್ತಿತ್ತು, ಮೇಷ್ಟ್ರ ಇಂಗ್ಲಿಷು ಪುಸ್ತಕದ್ದು. ಎರಡರ ನಡುವೆ ಏನೇನು ಸೋರಿಹೋಯಿತೋ.

“ಅಮ್ಮಾ, ಇದು ಅವರ ದೇಶದ ಮಠದಲ್ಲಿ ಮಾಡಿದ್ದಂತೆ ನೋಡ್ರಿ. ಸ್ವಾಮಿಗಳೇ ಕೈಯಾರೆ ಮಾಡ್ತಾರಂತೆ. ಹಿಂದಿನ ಕಾಲದಾಗೆ ಉಪವಾಸದ ದಿನ ಅವರಿಗೆ ಇದೇ ಊಟ ಇತ್ತಂತೆ.”

“ಏನು ಹಾಕಿರ್ತಾರ್ರಿ ಇದಕ್ಕೆ?” ಎಂದು ಲೋಕಮ್ಮ ಕೇಳಿದಳು.

ಮೇಷ್ಟ್ರು ತಿರುಗಿ ಕೇಳಿದರು. ಲೂಕಾಸ್ ಕೈ ಆಡಿಸಿ ಬಹಳ ಹೊತ್ತು ಹೇಳಿದ.

“ಧಾನ್ಯ, ಸಕ್ಕರೆ ಪಾಕ. ಮತ್ತೆ ಅದೇನೋ ‘ಏಲ್’ ಅಂತಾರ್ರಿ. ಏಲಕ್ಕಿ ಥರದ್ದು ಇರಬೇಕು.”

ಬಾಟಲಿಯ ಮೈಮೇಲಿನ ಚೀಟಿಯಲ್ಲಿ ಗಡ್ಡ ಬಿಟ್ಟು, ನಿಲುವಂಗಿ ತೊಟ್ಟು, ಕಣ್ಣು ಅರೆ ಮುಚ್ಚಿದ ಒಬ್ಬ ಸ್ವಾಮಿ ಇದ್ದ. ಅವನನ್ನು ನೋಡಿದ ಮೇಲೆ ಲೋಕಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಲೂಕಾಸನಿಗೆ ತನ್ನ ಉಡುಗೊರೆಯನ್ನು ಇಷ್ಟು ಗೌರವದಿಂದ ಯಾರೂ ತೆಗೆದುಕೊಂಡಿರಲಿಲ್ಲವೆಂದು ಕಾಣುತ್ತದೆ, ಅವನ ಮುಖ ಕೆಂಪಾಯಿತು.

“ನಿನ್ನ ತವರಿಂದ ಬಂತಲ್ಲೇ,” ಎಂದ ವೀರಬಸಪ್ಪ. “ಸೊರಬದ ಅಣ್ಣ ಒಂದು ದಿನ ಒಂದು ಕಾಯಿ ಕಳಿಸಲಿಲ್ಲ.”

“ಸುಮ್ನಿರ್ರಿ,” ಎಂದು ಅವಳು ಒಳಗೆ ಹೋದಳು.

ಆ ಮನೆಯಲ್ಲಿ ಕುಡಿಯುವ ಯಾವ ಬಾಟಲಿಯೂ ಹೊಸಿಲು ದಾಟುವಂತಿರಲಿಲ್ಲ. ಮಠದ್ದು ಎಂಬ ಒಂದೇ ಮಾತಿನಿಂದ ಇದು ದಾಟಿತು.

ವೀರಬಸಪ್ಪ ಹುಟ್ಟಾ ಕುಡುಕನೇನಲ್ಲ. ಅಂಥವರು ಯಾರೂ ಇಲ್ಲ. ಮದುವೆಯಾದ ಕೆಲವು ವರ್ಷಕ್ಕೆ ಶಿರಾಳಕೊಪ್ಪದ ಸಂತೆಗೆ ಹೋದವನು ಮೊದಲು ಸಂತೆಯ ದಿನ ಮಾತ್ರ, ಆಮೇಲೆ ಸಂತೆ ಇಲ್ಲದ ದಿನವೂ ಸಾರಾಯಿ ಅಂಗಡಿಯ ಬೆಂಚಿನಲ್ಲಿ ಕೂರತೊಡಗಿದ. ಹೊಡೆಯುವ ಜಾತಿಯಲ್ಲ, ಬೈಯುವವನೂ ಅಲ್ಲ. ಬಂದು ಜಗಲಿಯ ಮೇಲೆ ಬಿದ್ದುಕೊಂಡು ಕ್ಷಮೆ ಕೇಳುತ್ತಿದ್ದ. ಹೊಡೆದಿದ್ದರೆ ಅವಳು ಬೇಗ ಒಂದು ದಾರಿ ನೋಡುತ್ತಿದ್ದಳು. ಕ್ಷಮೆ ಕೇಳುವವನ ಜೊತೆ ಬಾಳುವುದು ಹೆಚ್ಚು ಆಯಾಸದ ಕೆಲಸ. ಮಗಳು ಗಂಗಾಶ್ರೀಯನ್ನು ಈಸೂರಿಗೆ ಕೊಟ್ಟ ಮೇಲೆ, ಮುಚ್ಚಿಡಬೇಕಾದ ಕಾರಣವೂ ಮುಗಿದ ಮೇಲೆ, ಲೋಕಮ್ಮ ಅವನನ್ನು ಮಠಕ್ಕೆ ಕರೆದುಕೊಂಡು ಹೋದಳು.

ಸ್ವಾಮಿಗಳು ಅವನ ಕೈಯನ್ನು ಅವನ ಕೊರಳ ಲಿಂಗದ ಮೇಲೆಯೇ ಇಡಿಸಿ ಮಾತು ತೆಗೆದುಕೊಂಡರು. ಆಮೇಲೆ ಅವಳ ಕಡೆ ತಿರುಗಿ, “ನಿನ್ನದೇನಮ್ಮ ಮಾತು?” ಎಂದರು. ಅವಳು ಇದಕ್ಕೆ ಸಿದ್ಧಳಾಗಿಯೇ ಬಂದಿದ್ದಳು.

“ಇನ್ನೊಂದು ಹನಿ ಇವರ ಬಾಯಿಗೆ ಬಿತ್ತೂ ಅಂದ್ರೆ ನಾನು ಸೊರಬದ ಅಣ್ಣನ ಮನೀಗೆ ಹೋದಾಕಿ ತಿರುಗಿ ಬರಂಗಿಲ್ಲ ಬುದ್ಧಿ.”

ಹನಿ ಎಂದಿದ್ದಳು. ಲೋಟ ಎನ್ನಲಿಲ್ಲ, ಪ್ಯಾಕೆಟ್ ಎನ್ನಲಿಲ್ಲ. ಅವಳು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಯಾರಿಗೂ ನೆನಪಿಲ್ಲ. ನಿನ್ನ ಮಗಳ ಮದುವೆಗೆ ಬರುವುದಿಲ್ಲ ಎಂದು ಒಬ್ಬ ನಾದಿನಿಯ ಮೇಲೆ ಸಿಟ್ಟಿನಲ್ಲಿ ಹೇಳಿದ ಮಾತಿಗೆ ಕಟ್ಟುಬಿದ್ದು ನಿಜಕ್ಕೂ ಆ ಮದುವೆಗೆ ಹೋಗದೆ ಮನೆಯಲ್ಲಿ ಹಪ್ಪಳ ಲಟ್ಟಿಸುತ್ತಾ ಕೂತವಳು. ಆದ್ದರಿಂದ ವೀರಬಸಪ್ಪನೂ ನಂಬಿದ, ಸ್ವಾಮಿಗಳೂ ನಂಬಿದರು. ಅಣ್ಣ ಉಜ್ಜಪ್ಪ ಸೊರಬದ ತನ್ನ ಮನೆಯ ಹಿಂದಿನ ಕೋಣೆಯ ಅಕ್ಕಿ ಚೀಲಗಳನ್ನು ತೆಗೆಸಿ ಒಂದು ಮಂಚ ಹಾಕಿಸಿಟ್ಟ. ಆ ಮಂಚ ಅವಳಿಗೆ ಬೇಡವಾಗಿತ್ತು. ಅಣ್ಣನ ಸೊಸೆಯ ಅಡಿಗೆಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿದೆಯೆಂದು ಕೇಳಿಕೊಂಡು ಉಳಿದ ಕಾಲ ಕಳೆಯುವುದು ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇಡದಿದ್ದರೂ ಹೋಗುವವಳೇ.

ಅಂದಿನಿಂದ ಶುರುವಾದದ್ದು ಸಂಜೆಯ ಪರೀಕ್ಷೆ. ವೀರಬಸಪ್ಪ ಹೊರಗಿನಿಂದ ಬಂದವನು ಹೊಸಿಲಿನ ಆಚೆಯೇ ನಿಲ್ಲಬೇಕು. ಅವಳು ಕೈ ಒರೆಸಿಕೊಳ್ಳುತ್ತಾ ಬಂದು, “ಊದ್ರಿ” ಎನ್ನುವಳು. ಅವನು ಬಾಯಿ ತೆರೆದು ಊದುವನು. ಅವಳು ಮೂಸಿ, “ಹೂಂ, ಬರ್ರಿ” ಎಂದ ಮೇಲೆ ಒಳಗೆ ಕಾಲು. ಬೀದಿಯವರು ಅದಕ್ಕೆ ಚೆಕ್‌ಪೋಸ್ಟು ಎಂದು ಹೆಸರಿಟ್ಟರು. “ಏನ್ ವೀರಬಸಪ್ಪ, ಗೇಟು ತೆಗೆದ್ರೇನಪ್ಪ?” ಎಂದು ಎದುರು ಕಟ್ಟೆಯಿಂದ ಕೂಗುವರು. ವೀರಬಸಪ್ಪ ನಗುವನು. ಲೋಕಮ್ಮ ನಗುತ್ತಿರಲಿಲ್ಲ. ಕಾವಲಿನವನಿಗಾದರೂ ಪಾಳಿ ಬದಲಾಗುತ್ತದೆ, ಅವಳ ಪಾಳಿಗೆ ಬರುವವರು ಯಾರೂ ಇರಲಿಲ್ಲ. ಜ್ವರ ಬಂದು ಮಲಗಿದ ದಿನವೂ ಎದ್ದು ಬಂದು ಮೂಸಿ ಹೋಗಿ ಮಲಗಿದ್ದುಂಟು. ವರ್ಷಗಟ್ಟಲೆ ಅವನ ಬಾಯಲ್ಲಿ ಈರುಳ್ಳಿ, ಎಲೆ, ಸುಣ್ಣ, ಮಧ್ಯಾಹ್ನದ ಸಾರು ಬಿಟ್ಟು ಬೇರೇನೂ ಸಿಗಲಿಲ್ಲ. ಸಿಗಲಿಲ್ಲವೆಂದು ಅವಳಿಗೆ ಸಮಾಧಾನವಾಯಿತೆಂದೇನಿಲ್ಲ. ನಾಳೆ ಮತ್ತೆ ಮೂಸಬೇಕಲ್ಲ.

ವೀರಬಸಪ್ಪ ಮಾತು ಕೊಟ್ಟ ಮೇಲೆ ಆಚಾರದಲ್ಲಿ ಸ್ವಲ್ಪ ಅತಿಯನ್ನೇ ಹಿಡಿದ. ಪ್ರಸಾದ ನೆಲಕ್ಕೆ ಬೀಳಬಾರದು ಎಂದು ಉಂಡ ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿಯುತ್ತಿದ್ದ. ಮಠದಿಂದ ತಂದ ತೀರ್ಥದ ತೊಟ್ಟು ನೆಲಕ್ಕೆ ಬಿದ್ದರೆ ಬೆರಳಿನಲ್ಲಿ ಒತ್ತಿ ತೆಗೆದು ನಾಲಗೆಗೆ ಹಚ್ಚಿಕೊಳ್ಳುತ್ತಿದ್ದ. ಕುಡಿಯುವ ಬಾಯಿಗೆ ಏನಾದರೊಂದು ಕೆಲಸ ಬೇಕಲ್ಲ ಎಂದು ಅವಳು ಅಂದುಕೊಂಡು ಸುಮ್ಮನಾದಳು.

ಯುಗಾದಿ ಕಳೆದು ಕೆಲವು ದಿನ. ಶಿಕಾರಿಪುರದ ಕಡೆಯ ಬಿಸಿಲು ಹೆಂಚನ್ನು ಕಾವಲಿಯಂತೆ ಕಾಯಿಸುತ್ತಿತ್ತು. ಲೋಕಮ್ಮ ಬೆಳಿಗ್ಗೆ ಹೊಲದಲ್ಲಿ ತೊಗರಿ ಕಡ್ಡಿ ಆರಿಸಿ ಹೊರೆ ಕಟ್ಟಿಕೊಂಡು ಬಿಸಿಲೇರುವ ಹೊತ್ತಿಗೆ ಮನೆಗೆ ಬಂದಳು. ಹೊರೆ ಇಳಿಸುವ ಮೊದಲೇ ಮೂಗಿಗೆ ತಿಳಿಯಿತು. ಸಾರಾಯಿಯ ವಾಸನೆಯಲ್ಲ. ಆದರೆ ಏನೋ ಹುದುಗು ಬಂದದ್ದರ ವಾಸನೆ, ಸಿಹಿಯಾದದ್ದು.

ದೇವರ ಗೂಡಿನ ಮುಂದೆ ವೀರಬಸಪ್ಪ ಮೊಣಕಾಲೂರಿ ಕೂತಿದ್ದ. ಒಂದು ಕೈಯಲ್ಲಿ ಬಾಟಲಿ, ಅದರ ಕತ್ತಿನಿಂದ ನೊರೆ ಇಳಿದು ಮುಂಗೈ ತನಕ ಬಂದಿತ್ತು. ಇನ್ನೊಂದು ಕೈಯ ಬೆರಳು ಬಾಯಲ್ಲಿ. ಟವೆಲು ಒದ್ದೆಯಾಗಿ ನೆಲದ ಮೇಲೆ ಬಿದ್ದಿತ್ತು. ಸ್ವಾಮಿಗಳ ಪಟ ವಾರೆಯಾಗಿತ್ತು.

ಅವನು ತಲೆಯೆತ್ತಿ ಅವಳನ್ನು ನೋಡಿದ. ಬೆರಳನ್ನು ಬಾಯಿಂದ ತೆಗೆದ.

“ಅದಾಗೇ ಹಾರ್ತು ಕಣೇ.”

ಲೋಕಮ್ಮ ಹೊರೆ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಯಾವುದು?”

“ಬಿರಡೆ. ನಾನು ಅಲ್ಲಿ ಕೂತು ಹಗ್ಗ ಹೊಸೀತಿದ್ದೆ. ಢಂ ಅಂತು. ಬಂದು ನೋಡಿದ್ರೆ ಹಿಂಗೆ ಉಕ್ಕಾಕತ್ತಿತ್ತು. ಮಠದ್ದು, ನೆಲಕ್ಕೆ ಹೋಗ್ತೈತಲ್ಲ ಅಂತ…”

“ಅಂತ?”

“ನೆಕ್ಕಿದೆ.”

“ಎಷ್ಟು?”

“ಬೆರಳಾಗೆ. ಬೆರಳಾಗೆ ಅಷ್ಟೇ, ನಿನ್ನಾಣೆ.”

ಬಾಟಲಿಯಲ್ಲಿ ಕಾಲು ಭಾಗ ಉಳಿದಿತ್ತು. ಮುಕ್ಕಾಲು ಎಲ್ಲಿ ಹೋಯಿತು? ನೆಲ ಒದ್ದೆಯಾಗಿತ್ತು, ಟವೆಲು ಒದ್ದೆಯಾಗಿತ್ತು. ಆದರೆ ಮಣ್ಣಿನ ನೆಲ ಎಷ್ಟು ಕುಡಿಯಿತೆಂದು ಯಾರು ಹೇಳಬೇಕು? ಅವಳು ಅವನ ಮುಂದೆ ಬಗ್ಗಿದಳು.

“ಊದ್ರಿ.”

ಅವನು ಊದಿದ. ಬಾಯಲ್ಲಿ ಆ ವಾಸನೆಯೇ ಇತ್ತು. ಇರಲೇಬೇಕಲ್ಲ. ಬೆರಳಿನಷ್ಟೋ ಲೋಟದಷ್ಟೋ ಎಂಬುದನ್ನು ಮೂಗು ಹೇಳುವುದಿಲ್ಲ.

“ಮೊದಲ ಬೆರಳಿಗೇ ತಿಳೀತು ನನಗೆ,” ಎಂದ ವೀರಬಸಪ್ಪ ಮೆಲ್ಲಗೆ. “ಇದು ತೀರ್ಥ ಅಲ್ಲ ಅಂತ.”

“ತಿಳಿದ ಮ್ಯಾಗೆ ಬೆರಳು ಬಾಯಾಗೆ ಯಾಕಿತ್ತು?”

ಅವನು ಆ ಬೆರಳನ್ನು ಪಂಚೆಗೆ ಒರೆಸಿಕೊಂಡ.

“ನೀನೇ ನೋಡು,” ಎಂದು ಬಾಟಲಿಯನ್ನು ಅವಳ ಕಡೆ ಚಾಚಿದ. “ಮಠದ್ದೋ ಅಂಗಡೀದೋ ನೀನೇ ಹೇಳು. ನೀನು ಹೆಂಗೆ ಹೇಳ್ತೀಯೋ ಹಂಗೆ.”

ಆಗ ಲೋಕಮ್ಮನಿಗೆ ಒಂದು ವಿಚಿತ್ರ ಹೊಳೆಯಿತು. ಇಷ್ಟು ವರ್ಷ ಕಾವಲು ಕೂತು ಕುಡಿತದ ವಾಸನೆಯನ್ನು ಬೀದಿಯ ತುದಿಯಿಂದ ಹಿಡಿಯುವವಳಿಗೆ ಅದರ ರುಚಿ ಗೊತ್ತಿರಲಿಲ್ಲ. ಇನ್ನೊಬ್ಬರ ಬಾಯಿಂದ ಮಾತ್ರ ಅವಳಿಗೆ ಅದರ ಪರಿಚಯ. ಮಾತು ಕೊಟ್ಟವಳು ತಾನು, ತೀರ್ಪು ಹೇಳಬೇಕಾದವಳೂ ತಾನೇ. ಅವಳು ಹೋಗಿ ಒಂದು ಸ್ಟೀಲಿನ ಲೋಟ ತಂದಳು.

ಬಗ್ಗಿಸಿದಾಗ ಮೊದಲು ನೊರೆಯೇ ಬಂತು, ಕಂದು ಬಣ್ಣದ್ದು. ಸೊರಬದ ತವರಿನಲ್ಲಿ ಅವಳು ಸಣ್ಣವಳಿದ್ದಾಗ ಹಿತ್ತಲ ಆಚೆ ಆಲೆಮನೆ ಇತ್ತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಪಾಕಕ್ಕೆ ಬರುವ ಮುಂಚೆ ಹೀಗೆಯೇ ನೊರೆಯೆತ್ತಿ ಮೇಲೇರುತ್ತಿತ್ತು. ನೊರೆ ಇಳಿದ ಮೇಲೆ ಕೆಳಗೆ ಕಂಡದ್ದು ಜೋನಿ ಬೆಲ್ಲದ ಬಣ್ಣ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು.

ಮೂಸಿದಳು. ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು. ಅದರ ಹಿಂದೆ ಲವಂಗ. ಅದರ ಹಿಂದೆ ಕಾವಲಿಯ ಮೇಲೆ ಮರೆತುಹೋದ ರೊಟ್ಟಿಯ ಕರಿಕು. ಏಲಕ್ಕಿ ಇರಲಿಲ್ಲ. ಮೇಷ್ಟ್ರು ಅಲ್ಲಿಯೂ ತಪ್ಪು.

ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಾಲಗೆಯನ್ನು ಸಾವಿರ ಇರುವೆ ಮುತ್ತಿದಂತಾಯಿತು. ಉಗಿಯಬೇಕೆನ್ನುವಷ್ಟರಲ್ಲಿ ಸಿಹಿ ಬಂತು, ಕೊಪ್ಪರಿಗೆಯ ತಳಕ್ಕೆ ಹಿಡಿದು ಸ್ವಲ್ಪ ಸೀದ ಬೆಲ್ಲದ ಸಿಹಿ, ಅವಳೂ ಉಜ್ಜಪ್ಪನೂ ಜಗಳವಾಡಿ ಕೆರೆದು ತಿನ್ನುತ್ತಿದ್ದ ಅದೇ ಸಿಹಿ. ಒಣದ್ರಾಕ್ಷಿಯನ್ನು ಬಹಳ ದಿನ ಡಬ್ಬಿಯಲ್ಲಿಟ್ಟರೆ ಬರುವ ಒಂದು ಹುಳಿ. ನುಂಗಿದ ಮೇಲೆ ಕಹಿ. ಹಾಗಲಕಾಯಿಯಂತೆ ಮುಂದೆಯೇ ಬಂದು ನಿಲ್ಲುವ ಕಹಿಯಲ್ಲ, ಎಲ್ಲರೂ ಎದ್ದು ಹೋದ ಮೇಲೆ ಮೂಲೆಯಿಂದ ಎದ್ದು ಬರುವ ಮುದುಕನಂಥ ಕಹಿ. ಮೊನ್ನೆ ಯುಗಾದಿಗೆ ತಿಂದ ಬೇವುಬೆಲ್ಲದ ನೆನಪಾಯಿತು. ಇಷ್ಟೇ ಆಗಿದ್ದರೆ ಇದನ್ನು ಕಷಾಯವೆಂದು ಅವಳು ಒಪ್ಪುತ್ತಿದ್ದಳು. ಆದರೆ ಆಮೇಲೆ ಎದೆಯೊಳಗೆ ಒಂದು ಬಿಸಿ ಇಳಿಯಿತು, ಇಳಿದು ಅಲ್ಲಿಂದ ಕಿವಿಯ ತುದಿಗೆ ಹತ್ತಿತು. ಆ ಬಿಸಿಯನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆದರೂ ಗುರುತು ಸಿಕ್ಕಿತು.

ಖಚಿತ ಮಾಡಿಕೊಳ್ಳಲು ಇನ್ನೊಂದು ಗುಟುಕು ಕುಡಿದಳು. ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಅವಳಿಗೆ ಸಿಟ್ಟು ಬಂದದ್ದು ಆಗ. ಕುಡಿಯುವವರು ಕೆಟ್ಟದ್ದೊಂದನ್ನು ಮೂಗು ಮುಚ್ಚಿಕೊಂಡು ನುಂಗುತ್ತಾರೆ, ನುಂಗಿ ಮನೆ ಹಾಳು ಮಾಡುತ್ತಾರೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಅದು ಹೀಗೂ ಇರಬಹುದು ಎಂದು ಯಾರೂ ಹೇಳಿರಲಿಲ್ಲ.

“ಏನು?” ಎಂದ ವೀರಬಸಪ್ಪ.

“ಹೆಂಡ.”

ಅವನು ತಲೆಯಾಡಿಸಿದ. ಅವಳು ಹೋಗಿ ಟ್ರಂಕಿನಿಂದ ಎರಡು ಸೀರೆ ತೆಗೆದು ಚೀಲಕ್ಕೆ ತುಂಬಿದಳು. ಅವನು ತಡೆಯಲಿಲ್ಲ. ತಡೆದರೆ ಉಪಯೋಗವಿಲ್ಲವೆಂದು ಅವನಿಗೆ ಗೊತ್ತಿತ್ತು. ಹನಿ ಎಂದಿದ್ದಳು, ಹನಿ ಬಿದ್ದಿತ್ತು.

ಹೊರಡುವ ಮುನ್ನ ಬಾಟಲಿಯ ಪ್ರಶ್ನೆ ಉಳಿಯಿತು. ಮನೆಯಲ್ಲಿ ಬಿಟ್ಟು ಹೋದರೆ ಅವನು ಕುಡಿಯುತ್ತಾನೆ, ಅದರಲ್ಲಿ ಅನುಮಾನವಿಲ್ಲ. ತಿಪ್ಪೆಗೆ ಸುರಿಯಬೇಕು. ಹಿತ್ತಲ ತನಕ ತೆಗೆದುಕೊಂಡು ಹೋದಳು. ಬಗ್ಗಿಸಲು ಹೋದರೆ ಚೀಟಿಯ ಮೇಲಿನ ಸ್ವಾಮಿ ಅರೆಗಣ್ಣಿನಿಂದ ನೋಡುತ್ತಿದ್ದ. ಇಷ್ಟು ಸೋಮವಾರ ಹೂವು ಏರಿಸಿದ್ದನ್ನು ಸಗಣಿಯ ಮೇಲೆ ಸುರಿಯುವುದು ಹೇಗೆ? ಹೆಂಡವೇ ಇರಲಿ, ಮಠದ ಹೆಂಡ. ಅವರ ಮಠಗಳ ಆಚಾರ ಏನೋ ಎಂತೋ. ಬಿಸಿಲಿನಲ್ಲಿ ನಿಂತು ಇದನ್ನೆಲ್ಲ ತರ್ಕ ಮಾಡುವ ಶಕ್ತಿ ಅವಳಿಗಿರಲಿಲ್ಲ. ಇಡುವಂತಿಲ್ಲ, ಚೆಲ್ಲುವಂತಿಲ್ಲ. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು, ಹೆರಿಗೆಯಾದವಳು ಕಷಾಯ ಕುಡಿಯುವಂತೆ ಉಸಿರು ಹಿಡಿದು ಕುಡಿದು ಮುಗಿಸಿದಳು. ಲೋಟವನ್ನು ತೊಳೆದು ಆ ನೀರನ್ನೂ ಕುಡಿದಳು.

ಶಿರಾಳಕೊಪ್ಪದ ತನಕ ನಡೆದು ಸೊರಬದ ಬಸ್ಸು ಹತ್ತಿದಳು. ಮಂಡಿ ನೋವು ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ಯೋಚಿಸಿ ಯೋಚಿಸಿ ನಗು ಬಂತು. ಕಂಡಕ್ಟರಿಗೆ, “ಸೊರಬ, ಒಂದೇ, ಹೋಗೋದಕ್ಕೆ ಮಾತ್ರ” ಎಂದು ಅಗತ್ಯಕ್ಕಿಂತ ಜೋರಾಗಿ ಹೇಳಿದಳು. ಅವನು, “ಬರೋದಕ್ಕೆ ನಾನೇನು ಈಗ್ಲೇ ಚೀಟಿ ಕೊಡಲ್ಲ ಬಿಡಮ್ಮ” ಎಂದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತಿಗೆ ಮೂಗಿಗೆ ಸೆರಗು ಹಿಡಿದು ಎದ್ದು ಹಿಂದಿನ ಸೀಟಿಗೆ ಹೋದಳು. ತನ್ನ ಬೆವರಿನ ವಾಸನೆಯೆಂದು ಲೋಕಮ್ಮ ತಿಳಿದಳು.

ಉಜ್ಜಪ್ಪ ತನ್ನ ಅಕ್ಕಿ ಗಿರಣಿಯಿಂದ ಊಟಕ್ಕೆ ಬಂದವನು ಕೈ ತೊಳೆಯುತ್ತಿದ್ದ. ಚೀಲ ಹಿಡಿದು ಬಂದ ತಂಗಿಯನ್ನು ನೋಡಿದವನೇ ಎಲ್ಲ ತಿಳಿದವನಂತೆ, “ಬಾ. ಎಂತಕ್ಕೆ ಹೊರಗೆ ನಿಂತದ್ದು? ನಂಗೆ ಗೊತ್ತಿತ್ತು, ಒಂದಿನ ಬರ್ತೀಯ ಅಂತ. ಸುನಿತಾ, ಅತ್ತೆಗೆ ನೀರು ಕೊಡು,” ಎಂದ.

ಸೊಸೆ ಸುನಿತಾ ನೀರು ತಂದಳು. ಚೆಂಬು ಕೊಡಲು ಬಗ್ಗಿದವಳು ಹಾಗೆಯೇ ನಿಂತಳು. ಮಾವನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು.

“ಎಂತದೇ?” ಎಂದ ಉಜ್ಜಪ್ಪ.

“ಏನಿಲ್ಲ ಮಾವ. ಅತ್ತೆ ಹತ್ರ ಏನೋ… ವಾಸನೆ.”

ಉಜ್ಜಪ್ಪ ಹತ್ತಿರ ಬಂದ. ಅವನ ಮುಖ ಬದಲಾದದ್ದನ್ನು ಲೋಕಮ್ಮ ನೋಡಿದಳು. ಆ ಮುಖ ಅವಳಿಗೆ ಪರಿಚಯವಿತ್ತು. ಅದು ಅವಳದೇ ಸಂಜೆಯ ಮುಖ.

“ಲೋಕೀ. ಎಂತ ಕುಡಿದು ಬಂದಿದ್ದೆ?”

“ಮಠದ್ದು ಅಣ್ಣ.”

“ಎಂತ ಮಠ ಮಾರಾಯ್ತಿ?”

“ಬೆಲ್ಜಿಯಂ ಮಠದ್ದು. ದೇವರ ಗೂಡಿನಾಗೆ ಇತ್ತು. ಅದಾಗೇ ಹಾರ್ತು.”

ಆಡಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಶಿರಾಳಕೊಪ್ಪದ ಅಂಗಡಿಯ ಬೆಂಚಿನಿಂದ ಎದ್ದು ಬಂದವರೆಲ್ಲ ಹೇಳುವ ಮಾತಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಇನ್ನಷ್ಟು ವಿವರಿಸಿದರೆ ಇನ್ನಷ್ಟು ಕೆಡುತ್ತಿತ್ತು. ವಿವರಿಸಿದಳು. ಲೂಕಾಸ್, ಗುರುಪ್ರಕಾಶ್ ಮೇಷ್ಟ್ರು, ಉಪವಾಸ, ಏಲಕ್ಕಿ, ತಿಪ್ಪೆ, ಚೀಟಿಯ ಮೇಲಿನ ಸ್ವಾಮಿ. ಪ್ರತಿಯೊಂದೂ ನಿಜ. ಒಟ್ಟು ಸೇರಿಸಿದರೆ ಹಸಿ ಸುಳ್ಳು.

“ಊದು ನೋಡಾನ,” ಎಂದ ಉಜ್ಜಪ್ಪ.

ಲೋಕಮ್ಮ ಅಣ್ಣನ ಮುಖವನ್ನೇ ನೋಡುತ್ತಾ ಕೂತಳು. ಊದಲಿಲ್ಲ.

“ಊದೋದು ಬ್ಯಾಡ ಬಿಡು, ಇಲ್ಲಿಗೇ ಬಡೀತದೆ,” ಎಂದು ಅವನು ಕೂತುಕೊಂಡ. ದನಿ ಇಳಿಸಿದ. “ಅವನ ಸಹವಾಸ ನಿಂಗೂ ಹತ್ತಿತಲ್ಲೇ ತಂಗಿ. ಇರಲಿ. ನಮ್ಮ ಮನೆ ಹುಡುಗಿ ನೀನು, ಬಿಡಕ್ಕಾಗ್ತದಾ? ನಾಳೆ ಮಠಕ್ಕೆ ಕರ್ಕಂಡ್ ಹೋಗ್ತೆ. ಮಾತು ಕೊಡು. ಸರಿ ಹೋಗ್ತೀಯ.”

ಅವನು ಬಹಳ ಮೃದುವಾಗಿ ಹೇಳಿದ. ಬೈದಿದ್ದರೆ ಅವಳು ಅಲ್ಲಿ ಉಳಿಯುತ್ತಿದ್ದಳೇನೋ. ಸುನಿತಾ ಒಳಗಿನಿಂದ ತಟ್ಟೆ ತಂದು, ಅಡಿಗೆಮನೆಯಲ್ಲಿ ಇಡದೆ, ಜಗಲಿಯ ಮೇಲೆ ಅವಳ ಮುಂದೆ ಇಟ್ಟಳು. ಎರಡು ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ. ಲೋಕಮ್ಮ ಅದನ್ನು ನೋಡಿದಳು. ಈ ಮನೆಯಲ್ಲಿ ಇನ್ನು ಮುಂದೆ ಅವಳು ಸಂತೆಯಿಂದ ಬಂದರೆ ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. ಬಾಯಿ ತೆರೆಸಿ ನೋಡುವುದಿಲ್ಲ, ಸುಮ್ಮನೆ ಹತ್ತಿರ ಸುಳಿದು ಹೋಗುತ್ತಾರೆ. ಅವಳು ಸತ್ಯ ಹೇಳಿದರೂ ತಲೆಯಾಡಿಸುತ್ತಾರೆ.

“ನಾನು ಹೋಗ್ತೀನಿ ಅಣ್ಣ.”

“ಎಲ್ಲಿಗೆ? ಬಿಟ್ಟು ಬಂದ್ಯಲ್ಲೇ?”

“ಬಿಟ್ಟು ಬಂದಿದ್ದೆ,” ಎಂದು ಚೀಲ ಎತ್ತಿಕೊಂಡಳು.

ಬಸ್ಸಿನಲ್ಲಿ ತಲೆ ನೋಯತೊಡಗಿತು. ಮಂಡಿಯ ನೋವೂ ತಿರುಗಿ ಬಂತು. ಅದೇ ಕಂಡಕ್ಟರು, “ಏನಮ್ಮ, ಹೋಗೋದಕ್ಕೆ ಮಾತ್ರ ಅಂದಿದ್ರಿ?” ಎಂದ. ಅವಳು ಚಿಲ್ಲರೆ ಎಣಿಸಿ ಕೊಟ್ಟಳು. ಅವಳ ಬಾಳಿನಲ್ಲಿ ಆಡಿ ತಪ್ಪಿದ ಮಾತು ಇದೊಂದೇ, ಅದೂ ಸ್ವಾಮಿಗಳ ಎದುರು ಆಡಿದ್ದು. ಆನವಟ್ಟಿ ಕಡೆಯಿಂದ ಬರುವ ಲಾರಿಗಳ ಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ವೀರಬಸಪ್ಪ ಹೇಳಿದ್ದು ನಿಜವೇ, ಬೆರಳಿನಷ್ಟೇ ಕುಡಿದನೇ ಎಂದು ಅವಳು ಕೇಳಿಕೊಂಡಳು. ಗೊತ್ತಿಲ್ಲ. ಗೊತ್ತಾಗುವ ಉಪಾಯವೂ ಇರಲಿಲ್ಲ. ಗೊತ್ತಿಲ್ಲದೆಯೇ ಹೋಗುತ್ತಿದ್ದೇನೆ ಎಂಬುದು ಮಾತ್ರ ಅವಳಿಗೆ ಸ್ಪಷ್ಟವಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದಳು. ವೀರಬಸಪ್ಪ ಒಳಗಿರಲಿಲ್ಲ. ಹೊಸಿಲಿನ ಆಚೆ, ದಿನವೂ ಊದಲು ನಿಲ್ಲುವ ಜಾಗದಲ್ಲಿ, ಗೋಡೆಗೊರಗಿ ಕೂತಿದ್ದ. ನೆಲವನ್ನು ಸಗಣಿಯಿಂದ ಸಾರಿಸಿದ್ದ. ಟವೆಲು ಒಗೆದು ಒಣಗಹಾಕಿದ್ದ. ಅವಳನ್ನು ಕಂಡು ಎದ್ದ.

“ನಿಮ್ಮಣ್ಣ ಏನಂದ?”

“ನಂಬಲಿಲ್ಲ.”

“ಏನನ್ನ?”

“ಅದಾಗೇ ಹಾರ್ತು ಅಂದದ್ದನ್ನ.”

ವೀರಬಸಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತುಟಿ ಬಿಗಿಹಿಡಿದ. ನಗುವ ಧೈರ್ಯವಾಗಲಿಲ್ಲ.

“ನಾನು ಊದಲಾ?” ಎಂದ.

ಬೇಡ ಎನ್ನಬಹುದಿತ್ತು. ಆ ಹೊತ್ತಿಗೆ ಬೇಡ ಎನ್ನುವುದು ಚೆನ್ನಾಗಿಯೂ ಇರುತ್ತಿತ್ತು. ಲೋಕಮ್ಮ ಚೀಲ ಕೆಳಗಿಟ್ಟಳು.

“ಊದ್ರಿ.”

ಊದಿದ. ಈರುಳ್ಳಿ, ಎಲೆ, ಸುಣ್ಣ.

“ಹೂಂ.”

“ಈಗ ನೀನು,” ಎಂದ ಅವನು.

ಅವಳು ಬೀದಿಯ ಕಡೆ ನೋಡಿದಳು. ಎದುರು ಕಟ್ಟೆ ಖಾಲಿಯಿತ್ತು. ಅಣ್ಣನ ಮುಂದೆ ತೆರೆಯದ ಬಾಯನ್ನು ತೆರೆದು ಊದಿದಳು. ವೀರಬಸಪ್ಪ ಹತ್ತಿರ ಬಂದು ಮೂಸಿದ. ಮರುಕ್ಷಣ ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಅವನ ಕೈಯ ನರಗಳು ಉಬ್ಬಿದ್ದವು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೆಯೇ ನಿಂತ, ಹೊರೆ ಹೊತ್ತವನು ದಾರಿಯಲ್ಲಿ ನಿಂತ ಹಾಗೆ.

ಇಷ್ಟು ವರ್ಷ ಈ ಹೊಸಿಲಿನ ಮೇಲೆ ದಣಿದವಳು ತಾನೊಬ್ಬಳೇ ಎಂದು ಲೋಕಮ್ಮ ತಿಳಿದಿದ್ದಳು. ಆ ಕೈಯನ್ನು ನೋಡಿದ ಮೇಲೆ ಹಾಗೆ ತಿಳಿಯಲು ಆಗಲಿಲ್ಲ. ಅದರಿಂದ ಅವಳ ದಣಿವೇನೂ ಕಡಿಮೆಯಾಗಲಿಲ್ಲ.

“ಹೋಗಿ ಬಾಯಿ ತೊಳ್ಕೋ,” ಎಂದ ವೀರಬಸಪ್ಪ, ಕಣ್ಣು ತೆರೆಯದೆ. “ಎಲೆ ಹಾಕ್ಕೋ. ಸುಣ್ಣ ಜಾಸ್ತಿ ಹಚ್ಕೋ.”

ಆ ರಾತ್ರಿ ಅವನು ಹೊರಗಿನ ಕಟ್ಟೆಯ ಮೇಲೆ ಮಲಗಿದ. ಮಾರನೆಯ ಸಂಜೆಯಿಂದ ಮತ್ತೆ ಎಂದಿನಂತೆ.

ಲೂಕಾಸ್ ಮುಂದಿನ ಚಳಿಗಾಲವೂ ಬಂದ. ಅಂಗಳದಲ್ಲಿ ರೊಟ್ಟಿ ಸುರುಳಿ ಸುತ್ತುತ್ತಾ ಗುರುಪ್ರಕಾಶ್ ಮೇಷ್ಟ್ರಿಗೆ ಏನೋ ಹೇಳಿದ.

“ಬಾಟಲಿ ಹೆಂಗಿತ್ತು ಅಂತ ಕೇಳ್ತಾರ್ರೀ ಅಮ್ಮ. ರುಚಿ ನಿಮಗೆ ಹೆಂಗನ್ನಿಸ್ತು ಅಂತ ಪೂರಾ ಹೇಳಬೇಕಂತೆ.”

ಲೋಕಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಬಾಳೆಹಣ್ಣು, ಲವಂಗ. ಸೀದ ಬೆಲ್ಲ. ಕಡೇಗೆ ಕಹಿ. ಏಲಕ್ಕಿ ಇರಲಿಲ್ಲ. ಅದನ್ನೂ ಹೇಳ್ರಿ.”

ಮೇಷ್ಟ್ರು ಹೇಳಿದರು. ಲೂಕಾಸನ ಕಣ್ಣು ಅರಳಿತು. ಎರಡು ಕೈ ಸೇರಿಸಿ ಏನೇನೋ ಹೇಳಿ, ಬಿರಡೆ ಹಾರುವಂತೆ ಬೆರಳು ಚಿಮ್ಮಿಸಿ ತೋರಿಸಿದ.

“ಬಿರಡೆ ಮ್ಯಾಲಿನ ತಂತಿ ತೆಗೆಯೋವಾಗ ಹುಷಾರಾಗಿದ್ರಾ ಅಂತಾರ್ರಿ. ತಂತಿ ಬಿಚ್ಚಿಟ್ರೆ ಸೆಕೆಗೆ ಅದಾಗೇ ಹಾರುತ್ತಂತೆ.”

ಲೋಕಮ್ಮನ ಕೈ ನಿಂತಿತು. ಶಿವರಾತ್ರಿಗೆ ಗೂಡು ತೊಳೆಯುವಾಗ, ಮಠದ ತೀರ್ಥಕ್ಕೆ ತುಕ್ಕು ಹಿಡಿದ ತಂತಿ ಯಾಕೆಂದು ಬಿಚ್ಚಿ ತೆಗೆದವಳು ಅವಳೇ. ಆ ತಂತಿಯಿಂದ ಒಲೆಯ ಪಕ್ಕದ ಚಿಮಣಿ ಬುಡ್ಡಿಯ ಹಿಡಿಕೆ ಕಟ್ಟಿದ್ದಳು, ಅದು ಈಗಲೂ ಅಲ್ಲಿಯೇ ಇತ್ತು. ಅವಳು ತಲೆಯೆತ್ತಿದಳು. ವೀರಬಸಪ್ಪ ಅಂಗಳದ ಅಂಚಿನಲ್ಲಿ ಅಳತೆಯ ಟೇಪನ್ನು ಸುತ್ತುತ್ತಿದ್ದ. ಅವನಿಗೂ ಕೇಳಿಸಿತ್ತು. ಅವಳ ಕಡೆ ಒಮ್ಮೆ ನೋಡಿ, ಸುತ್ತುವುದನ್ನು ಮುಂದುವರಿಸಿದ.

“ಈ ಸಲಾನೂ ಒಂದು ತಂದಾರಂತ್ರೀ, ಸ್ಕೂಟರಿನಾಗೆ ಐತೆ,” ಎಂದರು ಮೇಷ್ಟ್ರು.

“ಮೇಷ್ಟ್ರೇ,” ಎಂದಳು ಲೋಕಮ್ಮ, ರೊಟ್ಟಿಯನ್ನು ಕಾವಲಿಗೆ ಹಾಕುತ್ತಾ. “ಬಹಳ ರುಚಿ ಇತ್ತು ಅಂತ ಹೇಳ್ರಿ. ವಾಪಸ್ ತಗಂಡ್ ಹೋಗು ಅಂತಾನೂ ಹೇಳ್ರಿ.”